ತೊಟ್ಟಿಯ ನೀರು ಹರಿಯುವುದಿಲ್ಲ

ಪ್ರಶ್ನೆ: ಕಳಸದ ಹತ್ತಿರ ನಮ್ಮದು ತೋಟದ ಮನೆ. ಎರಡು ಕೋಣೆ ಹೋಂಸ್ಟೇಗೆ ಕೊಟ್ಟಿದ್ದೇವೆ. ಬಂದವರ ಮಕ್ಕಳಿಗೆ ಖುಷಿಯಾಗಲಿ ಎಂದು ಜಗಲಿಯಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂ ಇಟ್ಟೆವು. ಅಂಗಡಿಯವರು ‘ಎಲ್ಲ ಒಟ್ಟಿಗೇ ಇರ್ತವೆ’ ಎಂದು 4 ಗೋಲ್ಡ್ ಫಿಶ್, 5 ಟೈಗರ್ ಬಾರ್ಬ್, 2 ಏಂಜೆಲ್, 8 ಗಪ್ಪಿ, 2 ಶಾರ್ಕ್, 1 ಸಕ್ಕರ್ ಕೊಟ್ಟರು. ವಾರಕ್ಕೆ ಒಂದೆರಡು ಸಾಯುತ್ತವೆ. ಚಿಕ್ಕಮಗಳೂರಿಗೆ ಹೋದಾಗ ಮತ್ತೆ ತಂದು ಬಿಡುತ್ತೇವೆ. ಪ್ರತಿ ಭಾನುವಾರ ಪೂರ್ತಿ ನೀರು ಚೆಲ್ಲಿ ಕಲ್ಲು, ಫಿಲ್ಟರ್ ಎಲ್ಲ ತಿಕ್ಕಿ ತೊಳೆಯುತ್ತೇನೆ. ಅತ್ತೆ ‘ಮನೆಗೆ ಬರುವ ಕಂಟಕ ಮೀನಿಗೆ ಹೋಯ್ತು’ ಅನ್ನುತ್ತಾರೆ. ಮಗ ‘ಶೃಂಗೇರೀಲಿ ಅಷ್ಟೊಂದು ಮೀನು ಒಟ್ಟಿಗೇ ಇಲ್ವಾ?’ ಅಂತ ಕೇಳುತ್ತಾನೆ. ಇದ್ದವನ್ನೆಲ್ಲ ಭದ್ರೆಗೆ ಬಿಟ್ಟು, ಹಳ್ಳದ ಮೀನು ತಂದು ಸಾಕಲೇ?
— ಹೆಸರು ಬೇಡ, ಕಳಸ

ಉತ್ತರ: ನಿಮ್ಮ ಮಗನ ಪ್ರಶ್ನೆಯಿಂದಲೇ ಶುರು ಮಾಡೋಣ. ಶೃಂಗೇರಿಯ ಮೀನುಗಳಿರುವಲ್ಲಿ ತುಂಗಾ ನದಿ ಹರಿಯುತ್ತದೆ. ಮೀನು ಬಿಟ್ಟ ಹೊಲಸು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ತೊಟ್ಟಿಯ ನೀರು ನಿಂತ ನೀರು. ಹಿಕ್ಕೆ, ಮಿಕ್ಕ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಕಣ್ಣಿಗೆ ಕಾಣದು, ಆದರೆ ಮೀನಿನ ಕಿವಿರನ್ನು ಸುಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ನೀವು ಪ್ರತಿ ಭಾನುವಾರ ತಿಕ್ಕಿ ತೊಳೆದು ಕಳೆಯುತ್ತಿರುವುದು ಅದನ್ನೇ. ಕಂಟಕ ಎಲ್ಲೂ ಇಲ್ಲ, ಇರುವುದು ಅಮೋನಿಯಾ.

ಈಗ ಲೆಕ್ಕ. ನಿಮ್ಮ ಅಳತೆಯ ತೊಟ್ಟಿ ಅಂಚಿನವರೆಗೆ ಸುಮಾರು 56 ಲೀಟರ್ ಹಿಡಿಯುತ್ತದೆ. ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ಸುಮಾರು 45. ಮೀನು ಸಾಕುವವರ ಹಳೆಯ ಅಂದಾಜು, ಬೆಳೆದ ಮೀನಿನ ಒಂದು ಇಂಚಿಗೆ 4 ಲೀಟರ್ ನೀರು. ಸಣ್ಣ, ತೆಳುಮೈಯ ಮೀನಿಗೆ ಮಾತ್ರ ಈ ಲೆಕ್ಕ ಸರಿ. ದಪ್ಪ ಮೀನಿಗೆ ಇನ್ನೂ ಹೆಚ್ಚು ನೀರು ಬೇಕು. ಅಂದರೆ ನಿಮಗೆ ಸಿಗುವುದು ಹನ್ನೊಂದು ಹನ್ನೆರಡು ಇಂಚು ಮೀನು. ಅಂಗಡಿಯಲ್ಲಿ ಶಾರ್ಕ್ ಎನ್ನುವುದು ಶಾರ್ಕೇ ಅಲ್ಲ, ಪಂಗಾಸಿಯಸ್. ಹೋಟೆಲಿನಲ್ಲಿ ‘ಬಾಸಾ’ ಎಂದು ತಟ್ಟೆಗೆ ಬರುವ ಮೀನು. ಮೂರಡಿ ದಾಟಿ ಬೆಳೆಯುತ್ತದೆ. ಬೆರಳುದ್ದದ ಸಕ್ಕರ್ ಕೂಡ ಒಂದಡಿ ಮೀರುತ್ತದೆ. ಕೊಳ್ಳುವಾಗ ‘ಇದು ಎಷ್ಟು ದೊಡ್ಡದಾಗುತ್ತೆ?’ ಎಂದು ಕೇಳಿ. ಈಗಿನ ಗಾತ್ರ ನೋಡಿ ಮೋಸಹೋಗಬೇಡಿ.

ಜಾಗವಿದ್ದರೂ ಇವು ಹೊಂದಿಕೊಳ್ಳುತ್ತಿರಲಿಲ್ಲ. ಗೋಲ್ಡ್ ಫಿಶ್ ತಂಪು ನೀರಿನದು, ತಿನ್ನುವುದೂ ಗಲೀಜು ಮಾಡುವುದೂ ಜಾಸ್ತಿ. ಏಂಜೆಲಿಗೆ 25 ಡಿಗ್ರಿಗಿಂತ ಬೆಚ್ಚಗಿರಬೇಕು. ಟೈಗರ್ ಬಾರ್ಬ್ ತುಂಟ ಜಾತಿ. ಏಂಜೆಲಿನ ಉದ್ದ ರೆಕ್ಕೆ, ಗಪ್ಪಿಯ ಬಾಲ ಕಂಡರೆ ಕಚ್ಚದೆ ಬಿಡದು. ಗಪ್ಪಿ ಸ್ವಲ್ಪ ಗಡಸು ನೀರು ಕೇಳುತ್ತದೆ, ತಿಂಗಳಿಗೊಮ್ಮೆ ಮರಿ ಹಾಕಿ ಜಾಗ ತುಂಬುತ್ತದೆ. ನಮ್ಮ ಮಲೆನಾಡಿನ ಒರತೆ ನೀರು ಮೆದು. ಅದರಲ್ಲಿ ಸುಣ್ಣದಂಶ ಕಡಿಮೆ, ಹಾಗಾಗಿ ಕಿಕ್ಕಿರಿದ ತೊಟ್ಟಿಯಲ್ಲಿ ನೀರು ಬೇಗ ಹುಳಿಯಾಗುತ್ತದೆ, ಬ್ಯಾಕ್ಟೀರಿಯಾ ಮಂಕಾಗುತ್ತದೆ. ಬಯಲುಸೀಮೆಯಲ್ಲಿ ನಡೆದ ಲೆಕ್ಕ ಇಲ್ಲಿ ಕೈಕೊಡುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? 5 ಟೈಗರ್ ಬಾರ್ಬ್ ಮಾತ್ರ ಇಟ್ಟುಕೊಳ್ಳಿ. ಮೆದು ನೀರು ಅವಕ್ಕೆ ಒಗ್ಗುತ್ತದೆ. ಗುಂಪಿನಲ್ಲಿದ್ದರೆ ಅವುಗಳ ಜಗಳ ಅವುಗಳ ನಡುವೆಯೇ ಮುಗಿಯುತ್ತದೆ. ಬೆಳೆದಾಗ ತಲಾ ಎರಡೂವರೆ ಇಂಚು, ಅಲ್ಲಿಗೆ ನಿಮ್ಮ ತೊಟ್ಟಿ ಭರ್ತಿ, ಲೆಕ್ಕಕ್ಕಿಂತ ತುಸು ಹೆಚ್ಚೇ. ಆರನೆಯದು ಬೇಡ. ಏಂಜೆಲ್, ಶಾರ್ಕ್, ಸಕ್ಕರ್ ಅಂಗಡಿಗೆ ವಾಪಸು ಕೊಡಿ. ದುಡ್ಡು ಕೇಳದಿದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಗೋಲ್ಡ್ ಫಿಶ್ ಅಂಗಳದ ದೊಡ್ಡ ಸಿಮೆಂಟ್ ತೊಟ್ಟಿಗೆ. ಗಪ್ಪಿಯನ್ನು ಆರೋಗ್ಯ ಇಲಾಖೆಯವರೇ ಸೊಳ್ಳೆ ಮರಿ ತಿನ್ನಲೆಂದು ಬಿಡುತ್ತಾರೆ. ಬೇರೊಂದು ತೊಟ್ಟಿಯಲ್ಲಿ ಅವು ಆ ಕೆಲಸ ಮಾಡಲಿ. ಎರಡೂ ತೊಟ್ಟಿ ಮಳೆಗಾಲದಲ್ಲಿ ತುಂಬಿ ಹಳ್ಳಕ್ಕೆ ಹರಿಯದಂತೆ ನೋಡಿಕೊಳ್ಳಿ.

ಇನ್ನು ಆರೈಕೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಹೋಂಸ್ಟೇ ಮಕ್ಕಳ ಕೈಗೆ ಡಬ್ಬಿ ಕೊಡಬೇಡಿ. ಚಳಿಗಾಲದ ರಾತ್ರಿಗಳಿಗೆ 50 ವಾಟ್ ಹೀಟರ್ ಹಾಕಿ 24 ಡಿಗ್ರಿಗೆ ಇಡಿ. ನೀರು ಏಕಾಏಕಿ ತಣ್ಣಗಾದರೆ ಮೈಮೇಲೆ ಬಿಳಿ ಚುಕ್ಕೆ ರೋಗ ಬರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಕರೆಂಟ್ ಹೋದರೆ ಬ್ಯಾಟರಿ ಏರ್ ಪಂಪ್ ಹಾಕಿ, ಆಹಾರ ನಿಲ್ಲಿಸಿ, ತೊಟ್ಟಿಗೆ ಕಂಬಳಿ ಸುತ್ತಿ. ದಿನಗಟ್ಟಲೆ ನಿಂತ ಫಿಲ್ಟರನ್ನು ಸ್ಪಂಜು ಹಿಂಡದೆ ಚಾಲೂ ಮಾಡಬೇಡಿ.

ನೀವು ಬರೆಯದ ಒಂದು ವಿಷಯ: ನೀರು ತುಂಬುವ ಬಕೆಟ್ ಯಾವುದು? ಮೆಣಸು, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಿದ ಬಕೆಟ್ ಆದರೆ ಇಂದೇ ಬದಲಿಸಿ. ಆ ದ್ರಾವಣದ ಮೈಲುತುತ್ತ ತಳದಲ್ಲಿ ಸ್ವಲ್ಪವೇ ಉಳಿದರೂ ಮೀನಿಗೆ ಮಾರಕ, ಮೆದು ನೀರಿನಲ್ಲಂತೂ ಇನ್ನೂ ಹೆಚ್ಚು.

ಹಳ್ಳದ ಮೀನಿನ ಆಸೆ ಬಿಡಿ. ಅವಕ್ಕೆ ಓಡುವ ನೀರು, ತುಂಬ ಆಮ್ಲಜನಕ ಬೇಕು. ಪಶ್ಚಿಮ ಘಟ್ಟದ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಅಳಿವಿನಂಚಿಗೆ ಬರಲು ಅಕ್ವೇರಿಯಂಗಾಗಿ ಹಿಡಿದು ಸಾಗಿಸಿದ್ದೂ ಒಂದು ಮುಖ್ಯ ಕಾರಣ.

ಭದ್ರೆಗಂತೂ ಒಂದು ಮೀನನ್ನೂ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ. ಒಮ್ಮೆ ನೆಲೆಯೂರಿದರೆ ಅದನ್ನು ಹೊಳೆಯಿಂದ ತೆಗೆಯುವ ಉಪಾಯ ಯಾರ ಬಳಿಯೂ ಇಲ್ಲ.