ಮಲ್ಲಿಗೆಗೆ ಎಷ್ಟು ಬಿಸಿಲು ಬೇಕು?

ಹೂವು ಅಂದರೆ ನಮಗೆಲ್ಲ ಇಷ್ಟ. ಮುಡಿಯೋದಕ್ಕೆ ಹೂವು ಬೇಕು. ದೇವರಿಗೆ ಹೂವು ಬೇಕು. ಮದುವೆ, ಸೀಮಂತ, ಹಬ್ಬ ಯಾವುದೇ ಇರಲಿ, ಹೂವು ಬೇಕೇ ಬೇಕು. ಕೊಂಡರೆ ದುಡ್ಡು. ಮನೆಯಲ್ಲೇ ಬೆಳೆದರೆ ಖರ್ಚು ಉಳಿಯುತ್ತದೆ. ಹೆಚ್ಚಾದ ಹೂವನ್ನು ಕಟ್ಟಿ ಮಾರಲೂಬಹುದು.

ಆದರೆ ಕೆಲವರ ಮನೆಯಲ್ಲಿ ಗಿಡ ಹಸಿರಾಗಿ ಬೆಳೆಯುತ್ತದೆ. ಹೂವು ಮಾತ್ರ ಬಿಡುವುದಿಲ್ಲ. ಯಾಕೆ ಹೀಗೆ? ಈ ಪಾಠದಲ್ಲಿ ತಿಳಿಯೋಣ.

ಹಿತ್ತಲಿನ ಗಿಡ

ನಮ್ಮ ಕಲಿಕೆ ಕೇಂದ್ರಕ್ಕೆ ತಂಗಿ ಒಬ್ಬಳು ಬರುತ್ತಿದ್ದಳು. ಅವಳ ಮನೆ ಹಿತ್ತಲಲ್ಲಿ 4 ಮಲ್ಲಿಗೆ ಗಿಡ ಇದ್ದವು. ಹಳೆಯ ಎಣ್ಣೆ ಡಬ್ಬಗಳಲ್ಲಿ ನೆಟ್ಟಿದ್ದಳು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದಳು. ನೀರು ಹತ್ತಿರ ಅಂತ ಅಲ್ಲಿ ಇಟ್ಟಿದ್ದಳು. ಕೊಟ್ಟಿಗೆ ಗೊಬ್ಬರ ಹಾಕಿದಳು. ತಪ್ಪದೆ ನೀರು ಹಾಕಿದಳು. ಒಂದೂವರೆ ವರ್ಷ ಆಯಿತು. ಬಿಟ್ಟಿದ್ದು ನಾಲ್ಕೋ ಐದೋ ಮೊಗ್ಗು.

ಒಂದು ದಿನ ಅತ್ತೆ ಅಂದರು:

"ಇದು ಬಂಜೆ ಗಿಡ ಕಣೇ. ಕಿತ್ತು ಬಿಸಾಕು. ಸುಮ್ನೆ ಯಾಕೆ ನೀರು ದಂಡ?"

ಆ ಮಾತು ಅವಳ ಎದೆಗೆ ಚುಚ್ಚಿತು. ಅವಳಿಗೆ ಮದುವೆಯಾಗಿ 4 ವರ್ಷ ಆಗಿತ್ತು. ಮಕ್ಕಳು ಇರಲಿಲ್ಲ. ಅತ್ತೆ ಗಿಡಕ್ಕೆ ಅಂದರೋ, ತನಗೆ ಅಂದರೋ? ಅವಳು ಏನೂ ಮಾತಾಡಲಿಲ್ಲ. ಸಂಜೆ ಕೇಂದ್ರಕ್ಕೆ ಬಂದು ನಮ್ಮ ಮುಂದೆ ಅತ್ತುಬಿಟ್ಟಳು.

ನಾವು ಅವಳ ಜೊತೆ ಹಿತ್ತಲಿಗೆ ಹೋಗಿ ನೋಡಿದೆವು. ಪೂರ್ವಕ್ಕೆ ಮನೆ ಗೋಡೆ. ಪಶ್ಚಿಮಕ್ಕೆ ದೊಡ್ಡ ಹಲಸಿನ ಮರ. ನಡುವೆ ಗಿಡಗಳು. ಕಡ್ಡಿಗಳು ಸಣಕಲಾಗಿ ಉದ್ದಕ್ಕೆ ಹೋಗಿದ್ದವು. ಎಲ್ಲವೂ ಬೆಳಕಿನ ಕಡೆಗೆ ಬಾಗಿದ್ದವು.

"ಗಿಡಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?" ಅಂತ ಕೇಳಿದೆವು.

"ಬೀಳುತ್ತಲ್ಲಾ, ದಿನಾ ಬೀಳುತ್ತೆ" ಅಂದಳು.

"ಎಷ್ಟು ಹೊತ್ತು? ಬರೆದು ನೋಡು."

ಬಿಸಿಲಿನ ಲೆಕ್ಕ

ಮಾರನೆಯ ದಿನ ಅವಳು ಕೂಲಿಗೆ ಹೋಗಲಿಲ್ಲ. ಗಂಟೆಗೊಂದು ಸಲ ಗಿಡ ನೋಡಿದಳು. ತನ್ನ ಪುಸ್ತಕದಲ್ಲಿ ಹೀಗೆ ಬರೆದಳು:

ಬೆಳಿಗ್ಗೆ 8 ಗಂಟೆ – ನೆರಳು
9 ಗಂಟೆ – ನೆರಳು
10 ಗಂಟೆ – ನೆರಳು
11 ಗಂಟೆ – ಬಿಸಿಲು
12 ಗಂಟೆ – ಬಿಸಿಲು
ಮಧ್ಯಾಹ್ನ 1 ಗಂಟೆ – ನೆರಳು
2 ಗಂಟೆ – ನೆರಳು
3 ಗಂಟೆ – ನೆರಳು
4 ಗಂಟೆ – ನೆರಳು

ಬಿಸಿಲು ಎಷ್ಟು ಸಲ ಬಂತು? ಎರಡೇ ಸಲ. ಅಂದರೆ ಸುಮಾರು 2 ಗಂಟೆ. ಮಲ್ಲಿಗೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು.

ಬಿಸಿಲು ಯಾಕೆ ಬೇಕು?

ಎಲೆ ಅಂದರೆ ಗಿಡದ ಅಡುಗೆ ಮನೆ. ಬೇರು ನೀರು ತರುತ್ತದೆ. ಎಲೆ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಲೆಗೆ ಸೌದೆ ಹೇಗೋ, ಎಲೆಗೆ ಬಿಸಿಲು ಹಾಗೆ. ಬಿಸಿಲಿನ ಬಲದಿಂದ ಎಲೆ ಆಹಾರ ತಯಾರಿಸುತ್ತದೆ.

ಆಹಾರ ಕಡಿಮೆಯಾದರೆ ಗಿಡ ಜೀವ ಉಳಿಸಿಕೊಳ್ಳುತ್ತದೆ, ಅಷ್ಟೇ. ಹೂವು ಬಿಡುವ ಶಕ್ತಿ ಅದಕ್ಕೆ ಇರುವುದಿಲ್ಲ. ಅದಕ್ಕೆ ಎಷ್ಟು ಗೊಬ್ಬರ ಸುರಿದರೂ ಪ್ರಯೋಜನ ಇಲ್ಲ. ಸೌದೆ ಇಲ್ಲದ ಒಲೆ ಮೇಲೆ ಅಕ್ಕಿ ಹಾಕಿದ ಹಾಗೆ!

ಜಾಗ ಬದಲಾಯಿಸಿದಳು

ಮನೆ ಮುಂದಿನ ಅಂಗಳದಲ್ಲೂ ಒಂದು ದಿನ ಲೆಕ್ಕ ಬರೆದಳು. ಬೆಳಿಗ್ಗೆ 8 ಗಂಟೆಯಿಂದ ಮಧ್ಯಾಹ್ನ 2 ಗಂಟೆವರೆಗೂ ಬಿಸಿಲು ಇತ್ತು.

"ಅಂಗಳದಲ್ಲಿ ಡಬ್ಬ ಇಟ್ಟರೆ ರಾಗಿ ಎಲ್ಲಿ ಒಣ ಹಾಕೋದು?" ಅಂದರು ಅತ್ತೆ.

"ಬೇಲಿ ಪಕ್ಕ ಸಾಲಾಗಿ ಇಡ್ತೀನಿ ಅತ್ತೆ. ಒಂದು ವರ್ಷ ನೋಡೋಣ. ಹೂವು ಬಿಡದಿದ್ದರೆ ನಾನೇ ಕಿತ್ತು ಹಾಕ್ತೀನಿ."

ಆಗ ಕಾರ್ತಿಕ ಮಾಸ. ಅವಳು ಡಬ್ಬಗಳನ್ನು ಒಂದೇ ದಿನ ಬಿಸಿಲಿಗೆ ಇಡಲಿಲ್ಲ. ನೆರಳಲ್ಲಿ ಬೆಳೆದ ಎಲೆ ಎಳೆಯದು. ಒಮ್ಮೆಲೇ ಸುಡು ಬಿಸಿಲು ಬಿದ್ದರೆ ಸುಟ್ಟುಹೋಗುತ್ತದೆ. ಮೊದಲು 3 ದಿನ ಬೆಳಗಿನ ಬಿಸಿಲು ಮಾತ್ರ ಕೊಟ್ಟಳು. ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚು ಮಾಡಿದಳು. ಹತ್ತು ದಿನದಲ್ಲಿ ಗಿಡ ಹೊಂದಿಕೊಂಡಿತು.

ನವೆಂಬರ್ ಕೊನೆಯಲ್ಲಿ ಗಿಡಗಳನ್ನು ಸವರಿದಳು. ಬುಡದಿಂದ ಒಂದೂವರೆ ಅಡಿ ಬಿಟ್ಟು ಮೇಲಿನ ಕಡ್ಡಿ ಕತ್ತರಿಸಿದಳು. ಮಲ್ಲಿಗೆ ಹೂವು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸವರಿದರೆ ಚಿಗುರು ಹೆಚ್ಚು. ಚಿಗುರು ಹೆಚ್ಚಾದರೆ ಹೂವು ಹೆಚ್ಚು.

ಮಾರ್ಚ್ ಬಂತು. ಚಿಗುರಿನ ತುದಿಯಲ್ಲೆಲ್ಲ ಮೊಗ್ಗು! ಏಪ್ರಿಲ್‌ನಲ್ಲಿ ದಿನಕ್ಕೆ ಒಂದು ಮೊಳ ಹೂವು ಸಿಕ್ಕಿತು. ಮೊದಲ ದಿನದ ಹೂವನ್ನು ಕಟ್ಟಿ ಅತ್ತೆ ಕೈಗೆ ಕೊಟ್ಟಳು. ಅತ್ತೆ ದೇವರಿಗೆ ಮುಡಿಸಿದರು. ಉಳಿದ ತುಂಡನ್ನು ಸೊಸೆಯ ಮುಡಿಗೆ ಇಟ್ಟರು. "ಗಿಡದ್ದು ತಪ್ಪಿರಲಿಲ್ಲ ಬಿಡು" ಅಂದರು.

ಹೌದು, ಗಿಡದ್ದು ತಪ್ಪಿರಲಿಲ್ಲ. ಕಾರಣ ಹುಡುಕದೆ ನಾವು ಬೈಯುತ್ತೇವೆ. "ಬಂಜೆ" ಅನ್ನುವ ಮಾತು ಗಿಡಕ್ಕೂ ಬೇಡ, ಹೆಣ್ಣಿಗೂ ಬೇಡ. ಮಕ್ಕಳಾಗದೆ ಇರುವುದಕ್ಕೆ ಕಾರಣ ಹೆಂಡತಿಯಲ್ಲಿ ಇರಬಹುದು, ಗಂಡನಲ್ಲೂ ಇರಬಹುದು. ಇಬ್ಬರೂ ಸೇರಿ ವೈದ್ಯರ ಹತ್ತಿರ ಹೋಗಬೇಕು. ಒಬ್ಬಳ ಮೇಲೆ ತಪ್ಪು ಹೊರಿಸಬಾರದು.

ಯಾವ ಹೂವಿಗೆ ಎಷ್ಟು ಬಿಸಿಲು?

ಮಲ್ಲಿಗೆ, ಗುಲಾಬಿ, ಚೆಂಡುಹೂವು, ದಾಸವಾಳ: ಇವಕ್ಕೆ ತುಂಬಾ ಬಿಸಿಲು ಬೇಕು. ದಿನಕ್ಕೆ 6 ಗಂಟೆಯಾದರೂ ಬೇಕು.

ಕನಕಾಂಬರ: ಅರೆ ನೆರಳಲ್ಲೂ ಹೂವು ಬಿಡುತ್ತದೆ. ತೆಂಗಿನ ಮರದ ಕೆಳಗೂ ಬೆಳೆಯಬಹುದು. ಬಿಸಿಲು ಕಡಿಮೆ ಇರುವ ಮನೆಗೆ ಇದು ಒಳ್ಳೆಯದು.

ಸೇವಂತಿಗೆ: ಇದಕ್ಕೆ ಹಗಲು ಬಿಸಿಲು ಬೇಕು, ರಾತ್ರಿ ಕತ್ತಲೆಯೂ ಬೇಕು. ಹಗಲು ಚಿಕ್ಕದಾಗಿ ರಾತ್ರಿ ದೊಡ್ಡದಾದಾಗ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಬೀದಿ ದೀಪದ ಕೆಳಗೆ ನೆಟ್ಟರೆ ರಾತ್ರಿಯೂ ಹಗಲಿನಂತೆ ಆಗುತ್ತದೆ. ಹೂವು ತಡವಾಗುತ್ತದೆ.

ಗಮನಿಸಿ

ನೆರಳು ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಮನೆಯ ಉತ್ತರಕ್ಕೆ ಉದ್ದ ನೆರಳು ಬೀಳುತ್ತದೆ. 10 ಅಡಿ ಎತ್ತರದ ಗೋಡೆಯ ನೆರಳು ನಡು ಮಧ್ಯಾಹ್ನವೂ ಏಳೆಂಟು ಅಡಿ ಇರುತ್ತದೆ. ಅದಕ್ಕೆ ಗಿಡವನ್ನು ಗೋಡೆಯ ಉತ್ತರ ಬದಿಗೆ ಅಂಟಿಸಿ ನೆಡಬೇಡಿ.

ಬಿಸಿಲು ಅತಿಯಾದರೂ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಡಬ್ಬ ಕಾಯುತ್ತದೆ, ಬೇರು ಬೇಯುತ್ತದೆ. ಎಲೆಯ ಅಂಚು ಕಂದಾಗಿ ಒಣಗಿದರೆ ಹುಷಾರಾಗಿ. ಡಬ್ಬದ ಸುತ್ತ ಹಳೆ ಗೋಣಿಚೀಲ ಸುತ್ತಿ. ಮಣ್ಣಿನ ಮೇಲೆ ತರಗೆಲೆ ಹರಡಿ. ಬೆಳಿಗ್ಗೆ ಬೇಗ ನೀರು ಹಾಕಿ. ಸಂಜೆ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮತ್ತೆ ಹಾಕಿ. ಡಬ್ಬದ ತಳದಲ್ಲಿ ತೂತು ಇರಲೇಬೇಕು.

ನೆನಪಿಡಿ

1. ಗಿಡ ನೆಡುವ ಮೊದಲು ಬಿಸಿಲಿನ ಲೆಕ್ಕ ಬರೆಯಿರಿ.
2. ಗೊಬ್ಬರ, ನೀರು ಎರಡೂ ಬಿಸಿಲಿಗೆ ಬದಲಿ ಅಲ್ಲ.
3. ನೆರಳಿನ ಗಿಡವನ್ನು ನಿಧಾನವಾಗಿ ಬಿಸಿಲಿಗೆ ತನ್ನಿ.
4. ಬೈಯುವ ಮೊದಲು ಕಾರಣ ಹುಡುಕಿ.

ಉತ್ತರ ಬರೆಯಿರಿ

1. ಹಿತ್ತಲಿನ ಗಿಡಕ್ಕೆ ದಿನಕ್ಕೆ ಎಷ್ಟು ಗಂಟೆ ಬಿಸಿಲು ಬೀಳುತ್ತಿತ್ತು?
2. ಎಲೆಯನ್ನು ಅಡುಗೆ ಮನೆ ಅಂತ ಯಾಕೆ ಕರೆದೆವು?
3. ದಿನಕ್ಕೆ 1 ಮೊಳ ಹೂವು. ಮೊಳಕ್ಕೆ 20 ರೂಪಾಯಿ ಸಿಕ್ಕರೆ 30 ದಿನಕ್ಕೆ ಎಷ್ಟು?

ಮಾಡಿ ನೋಡಿ

ನಿಮ್ಮ ಮನೆಯ ಒಂದು ಗಿಡ ಆರಿಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಸಲ ನೋಡಿ. ಬಿಸಿಲೋ ನೆರಳೋ ಬರೆಯಿರಿ. ಬರೆದದ್ದನ್ನು ಕೇಂದ್ರಕ್ಕೆ ತನ್ನಿ. ಎಲ್ಲರೂ ಸೇರಿ ಓದೋಣ.