ದಡದ ಮೇಲೆ ನಿಂತವರನ್ನೂ ನೋಡಿ

ಉಯ್ಯಂಬಳ್ಳಿಯಿಂದ ಕನಕಪುರದ ಕಾಲೇಜಿಗೆ ಬಸ್ಸು ಹತ್ತುವ ಮಕ್ಕಳೇ, ಪಠ್ಯಕ್ಕಿಟ್ಟ ಕಾದಂಬರಿಯನ್ನು ಗೈಡು ನೋಡಿ ಮುಗಿಸಬೇಡಿ. ಅದರಲ್ಲೂ ಜಾತಿಯ, ಬಣ್ಣದ ಅವಮಾನವನ್ನು ಬರೆದ ಪುಸ್ತಕ ಕೈಗೆ ಬಂದರೆ ನನ್ನದೊಂದು ಮಾತು ನೆನಪಿರಲಿ. ನೊಂದವನಿಗಾಗಿ ಕಣ್ಣೀರು ತಾನಾಗಿಯೇ ಬರುತ್ತದೆ. ಅವನ ಸುತ್ತ ಯಾರು ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ ಅನ್ನುವುದನ್ನು ಹುಡುಕಿ ನೋಡಬೇಕು.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದ್ದು. ಚೋಮನಿಗೆ ಒಂದು ಜೋಡಿ ಎತ್ತಿವೆ, ಉಳಲು ನೆಲವಿಲ್ಲ. ಹೊಲೆಯನಾದವನು ಬೇಸಾಯಗಾರನಾಗುವಂತಿಲ್ಲ ಅನ್ನುವುದು ಆ ಊರಿನ ಕಟ್ಟು. ಧಣಿ ಸಂಕಪ್ಪಯ್ಯ ಕೆಟ್ಟವನೇನಲ್ಲ. ಒಂದಿಷ್ಟು ನೆಲ ಕೊಟ್ಟರಾಯಿತು ಎಂದು ಅವನ ಮನಸ್ಸೂ ವಾಲುತ್ತದೆ. ಮನೆಯಲ್ಲಿ ತಾಯಿ ಒಪ್ಪುವುದಿಲ್ಲ. ಅಷ್ಟೇ, ಮಾತು ಮುಗಿಯಿತು. ಮುಂದೆ ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ. ಮುಟ್ಟಿದರೆ ಮೈಲಿಗೆ, ಹುಡುಗ ಸಾಯುತ್ತಾನೆ. ಕಾರಂತರು ಅಲ್ಲಿ ಒಬ್ಬ ಖಳನಾಯಕನನ್ನು ತಂದು ನಿಲ್ಲಿಸಿದ್ದರೆ ಅವನನ್ನು ಬೈದು ನಾವು ಹಗುರಾಗಿಬಿಡುತ್ತಿದ್ದೆವು. ಅವರು ತಂದದ್ದು ನಮ್ಮ ನಿಮ್ಮಂಥವರನ್ನೇ. ಆ ಕಾದಂಬರಿ ಇಂದಿಗೂ ಎದೆಗೆ ಚುಚ್ಚುವುದು ಅದಕ್ಕೆ.

ನಮ್ಮ ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯನ್ನು ಹಾದು ಬರುತ್ತದೆ. ಕವಿ ಸಿದ್ಧಲಿಂಗಯ್ಯ 1954ರಲ್ಲಿ ಹುಟ್ಟಿದ್ದು ಆ ಊರಿನಲ್ಲಿ. ಅವರ ಆತ್ಮಕಥೆ ‘ಊರುಕೇರಿ’ಯ ಮೊದಲಲ್ಲೇ ಒಂದು ನೋಟವಿದೆ. ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ಎಳೆಯುತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ನೋಡುತ್ತಿದ್ದ ಹುಡುಗನಿಗೆ ಅದು ತಮಾಷೆಯಾಗಿ ಕಾಣುತ್ತದೆ. ಆ ಇಬ್ಬರಲ್ಲಿ ಒಬ್ಬ ಅವನ ಅಪ್ಪ! ಚೋಮನಿಗೆ ಎತ್ತಾದರೂ ಇತ್ತು. ಇಲ್ಲಿ ಅಪ್ಪನೇ ಎತ್ತು. ಆದರೂ ಆ ಪುಸ್ತಕದ ತುಂಬ ನಗುವಿದೆ. ಪ್ರೀತಿಯಿದ್ದೂ ಹೊರಗೆ ನಿಂತು ಬರೆದವರಿಗೆ ಕೇರಿಯ ಸಂಕಟ ಹೆಚ್ಚು ಕಂಡಿತು. ಒಳಗೆ ಹುಟ್ಟಿ ಬೆಳೆದವರಿಗೆ ಅಲ್ಲಿಯ ತುಂಟತನ, ಹಾಡು, ಜಗಳ, ಮೊಂಡು ಧೈರ್ಯ ಎಲ್ಲ ಗೊತ್ತು. ಎರಡೂ ಬೇಕು. ಆದರೆ ಎರಡನೆಯದಕ್ಕೆ ಕನ್ನಡ ಬಹಳ ಕಾಲ ಕಾಯಿತು ಅನ್ನುವುದನ್ನು ಮರೆಯಬೇಡಿ. 1973ರ ನವೆಂಬರಿನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಗಲಭೆಯೆದ್ದು ಅವರು ಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. ಮಾತು ಒರಟಾಗಿತ್ತು. ಆದರೆ ಈ ಸಾಹಿತ್ಯದಲ್ಲಿ ನಮ್ಮ ಕೇರಿಯ ಬಾಳು ಎಲ್ಲಿದೆ ಅನ್ನುವ ನೋವು ಅದರೊಳಗಿತ್ತು. ಎರಡೇ ವರ್ಷದಲ್ಲಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು.

ಕಪ್ಪು ಜನರ ಕಥೆ ಅಮೆರಿಕದ್ದು, ನಮಗೇಕೆ ಅನ್ನಬೇಡಿ. 1946ರಲ್ಲಿ ಅಂಬೇಡ್ಕರರು ಅಲ್ಲಿಯ ಕಪ್ಪು ಜನರ ಚಿಂತಕ ಡುಬೊಯಿಸ್ ಅವರಿಗೆ ಪತ್ರ ಬರೆದು ಎರಡೂ ಪಾಡು ಒಂದೇ ತೆರನಾದದ್ದು ಎಂಬ ಭಾವ ತಿಳಿಸಿದ್ದರು. ಅಷ್ಟು ದೂರ ಹೋಗುವುದೂ ಬೇಡ. ನಿಮ್ಮಲ್ಲಿ ಹಲವರು ನಾಳೆ ಕೆಲಸಕ್ಕೆ ಹೋಗುವ ಬೆಂಗಳೂರಿನ ಹೆಸರಘಟ್ಟದ ಕಡೆ, 2016ರ ಜನವರಿ 31ರ ರಾತ್ರಿ, ಸುಡಾನಿನವನೊಬ್ಬನ ಕಾರು ಹೆಂಗಸೊಬ್ಬರ ಪ್ರಾಣ ತೆಗೆಯಿತು. ಗುಂಪು ಹೊಡೆದದ್ದು ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ, ಮೈಬಣ್ಣ ಒಂದು ಬಿಟ್ಟು. ಬಸ್ಸು ಹತ್ತಿ ತಪ್ಪಿಸಿಕೊಳ್ಳಲು ಹೋದವಳನ್ನು ಒಳಗಿದ್ದವರೇ ಹೊರಗೆ ತಳ್ಳಿದರೆಂದು ಆಗ ವರದಿಯಾಯಿತು. ನೀಲನ ದಡ ಅಲ್ಲಿಯೂ ಇತ್ತು.

ಮನೆಯೊಳಗೂ ಕಣ್ಣಾಡಿಸಿ. ನಮ್ಮ ಸೀಮೆಯಲ್ಲಿ ಹಿಂದೆ ಕೇರಿಯಿಂದ ಕೂಲಿಗೆ ಬಂದವರ ಲೋಟವನ್ನು ಸೂರಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು. ಕುಡಿದವರೇ ತೊಳೆದು ಸಿಕ್ಕಿಸಬೇಕು. ಈಗ ಸೂರೂ ಇಲ್ಲ, ಆ ಲೋಟವೂ ಇಲ್ಲ. ಮನೆಯವರಿಗೆ ಸ್ಟೀಲ್ ಲೋಟ, ಅವರಿಗೆ ಕಾಗದದ ಲೋಟ ಕೊಡುವ ಮನೆಗಳಿವೆ. ಯಾರಾದರೂ ಕೇಳಿದರೆ ತೊಳೆಯುವ ರಗಳೆ ಬೇಡ ಅಂತ ಕೊಟ್ಟೆವು ಅನ್ನುತ್ತಾರೆ.

ಕೇರಿಯ ಮಕ್ಕಳಿಗೆ ಬೇರೆ ಮಾತು. ನಿಮ್ಮ ಅಜ್ಜಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದಿಡಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಕಳೆದುಹೋದ ಒಂದು ಹುಂಜವನ್ನು ಹುಡುಕುವ ಸಾಕವ್ವ ಎಂಬ ಅಂಥದೇ ಒಬ್ಬ ಅಜ್ಜಿಯಿಂದ ದೇವನೂರ ಮಹಾದೇವರು ‘ಒಡಲಾಳ’ದ ಕಥೆ ಕಟ್ಟಿದರು.

ಊರಿನ ಮಕ್ಕಳು ‘ಚೋಮನ ದುಡಿ’ಯನ್ನು ರಾತ್ರಿ ಊಟವಾದ ಮೇಲೆ ಅಜ್ಜಿಯ ಮುಂದೆ ಜೋರಾಗಿ ಓದಿ. ಸಂಕಪ್ಪಯ್ಯನ ತಾಯಿ ಬೇಡವೆನ್ನುವ ಕಡೆ ನಿಲ್ಲಿಸಿ, “ನೀನಾಗಿದ್ರೆ ಏನಂತಿದ್ದೆ ಅಜ್ಜಿ?” ಅಂತ ಕೇಳಿ. ಅಜ್ಜಿ ಬೈದರೆ ಬೈಯಲಿ, ಮಾರನೆಯ ರಾತ್ರಿ ಅಲ್ಲಿಂದಲೇ ಮುಂದಕ್ಕೆ ಓದಿ.