ಬೆವರಿಗೆ ವಾಸನೆ ಎಲ್ಲಿಂದ ಬಂತು?



ಹೋದ ತಿಂಗಳು ಕಬಡ್ಡಿ ಆಡಿ ತರಗತಿಯಲ್ಲಿ ಕೂತಾಗ ನನ್ನ ಪಕ್ಕದವನು ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದ. “ಸ್ನಾನ ಮಾಡಲ್ವೇನೋ?” ಅಂತ ಎಲ್ಲರ ಮುಂದೆ ಕೇಳಿದ. ನಾನು ದಿನಾ ಸ್ನಾನ ಮಾಡಿಯೇ ಬರೋದು. ನಾಚಿಕೆಯಾಗಿ ಎರಡು ದಿನ ಆಟಕ್ಕೇ ಹೋಗಲಿಲ್ಲ. ಆಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ತಿಳಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಆಗ ತಾನೇ ಬಂದ ಬೆವರಿಗೆ ವಾಸನೆಯೇ ಇರುವುದಿಲ್ಲ! ಮೈಮೇಲೆಲ್ಲಾ ಬರುವ ಬೆವರು ಹೆಚ್ಚುಕಡಿಮೆ ಉಪ್ಪುನೀರು. ಕಂಕುಳಲ್ಲಿ ಇನ್ನೊಂದು ಜಾತಿಯ ಗ್ರಂಥಿಗಳಿವೆ. ಅವು ಕೆಲಸ ಶುರುಮಾಡುವುದು ನಮ್ಮ ವಯಸ್ಸಿನಲ್ಲೇ. ಚಿಕ್ಕ ಮಕ್ಕಳು ಎಷ್ಟು ಕುಣಿದರೂ ಕಂಕುಳು ನಾರದೇ ಇರುವುದು ಇದಕ್ಕೇ. ಈ ಗ್ರಂಥಿಗಳ ಸ್ರಾವದಲ್ಲಿ ಕೆಲವು ಕೊಬ್ಬಿನಾಮ್ಲಗಳು ಗ್ಲುಟಮಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡಿರುತ್ತವೆ. ಅಂಟಿಕೊಂಡಿರುವವರೆಗೆ ಅವು ಆವಿಯಾಗಿ ಏಳುವುದಿಲ್ಲ, ಮೂಗಿಗೆ ಗೊತ್ತೂ ಆಗುವುದಿಲ್ಲ. ಗೂಟಕ್ಕೆ ಕಟ್ಟಿದ ಕರು ಇದ್ದ ಹಾಗೆ ಅನ್ನಿ.

ಹಗ್ಗ ಬಿಚ್ಚುವುದು ಕಂಕುಳಲ್ಲಿ ವಾಸಿಸುವ ಕೊರಿನೆಬ್ಯಾಕ್ಟೀರಿಯಾ. ಅವುಗಳಲ್ಲಿ ಅಮೈನೊಅಸೈಲೇಸ್ ಎಂಬ ಕಿಣ್ವವಿದೆ. 2003ರಲ್ಲಿ ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ನಾಟ್ಶ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ತೋರಿಸಿದರು. ಇದರ ಕೆಲಸಕ್ಕೆ ಸತು ಬೇಕು. ನನಗೆ ತಮಾಷೆ ಅನ್ನಿಸಿದ್ದು ಇದರ ಸ್ವಭಾವ. ಒಂದು ತುದಿಯಲ್ಲಿ ಗ್ಲುಟಮಿನ್ನೇ ಇರಬೇಕು; ಇನ್ನೊಂದು ತುದಿಯಲ್ಲಿ ಯಾವ ಆಮ್ಲ ಇದ್ದರೂ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ನೀರಿನ ಒಂದು ಅಣು ಸೇರಿಸಿ ಕೊಂಡಿ ಕತ್ತರಿಸುತ್ತದೆ. ಬಿಡುಗಡೆಯಾದ ಆಮ್ಲ ನೇರ ಪಕ್ಕದವನ ಮೂಗಿಗೆ! (ಈರುಳ್ಳಿಯಂಥ ಗಂಧಕದ ವಾಸನೆಗೆ ಮಾತ್ರ ಬೇರೆ ಬ್ಯಾಕ್ಟೀರಿಯಾ, ಬೇರೆ ಕಿಣ್ವ.)

ಯಾರಲ್ಲಿ ಯಾವ ಆಮ್ಲ ಎಷ್ಟು ಅನ್ನೋದರಲ್ಲಿ ಹುಟ್ಟಿನ ಪಾಲೂ ಇದೆ. ನಾಟ್ಶ್ ಅವರೂ ಇದ್ದ 2009ರ ಇನ್ನೊಂದು ಅಧ್ಯಯನದಲ್ಲಿ ತದ್ರೂಪಿ ಅವಳಿಗಳ ಆಮ್ಲಗಳ ಪ್ರಮಾಣ ಬಹಳ ಮಟ್ಟಿಗೆ ಹೊಂದಿಕೆಯಾಯಿತು. ಜಪಾನ್, ಕೊರಿಯಾ, ಚೀನಾ ಕಡೆಯ ಬಹಳ ಜನರಲ್ಲಿ ಎಬಿಸಿಸಿ11 ಎಂಬ ವಂಶವಾಹಿ ಬೇರೆ ರೂಪದಲ್ಲಿರುವುದರಿಂದ ಈ ಜೋಡಿ ವಸ್ತು ಬೆವರಿಗೆ ಬರುವುದೇ ಇಲ್ಲವೆನ್ನುವಷ್ಟು ಕಡಿಮೆ. ಅವರ ಕಂಕುಳು ನಾರದಿರುವುದಕ್ಕೆ ಸ್ನಾನ ಕಾರಣವಲ್ಲ.

ಸೋಪು ಹಚ್ಚಿ ತೊಳೆದರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ, ಮತ್ತೆ ಬೆಳೆಯುತ್ತವೆ. ಬೆವರಿದ ಬಟ್ಟೆಯಲ್ಲೂ ಇರುತ್ತವೆ. ಅದಕ್ಕೇ ಈಗ ಆಟ ಮುಗಿದ ಮೇಲೆ ನಲ್ಲಿಯ ಹತ್ತಿರ ಕಂಕುಳು ತೊಳೆದು ಬೇರೆ ಬನಿಯನ್ ಹಾಕಿಕೊಳ್ತೀನಿ. ಪಕ್ಕದವನು ನಿನ್ನೆ ವಾಪಸ್ ಬಂದು ಕೂತ. ಅವನಿಗೂ ಮೊನ್ನೆ ಹದಿನಾಲ್ಕು ತುಂಬಿತು.